ಕಳ್ಳ ಕುಬಸಕ್ಕೆ ಕ್ಯಾಮೆರಾ ಬಂದದ್ದು

…ಅಥವಾ ಆ ಬಳೆಗಳು ಹಸಿರಾಗಿರಲೇ ಇಲ್ಲವೋ ಏನೋ. ನನ್ನ ನೆನಪಿನಲ್ಲಿ ಹಸಿರು. ಈಗಲೂ ಆಗಾಗ ಯಾರದೋ ಮೊಬೈಲಿನಿಂದ ತಿರುಗಿ ಬರುವ ಆ ವಿಡಿಯೋದಲ್ಲಿ ನೀಲಿ. ಸುಳ್ಳು ಹೇಳುತ್ತಿರುವುದು ಕ್ಯಾಮೆರಾನೋ ನಾನೋ? ಕುಬಸಕ್ಕೆ ಹಸಿರು ಬಳೆಯನ್ನೇ ಇಡಿಸುತ್ತಾರೆ, ಹಾಗಾಗಿ ಹಸಿರೇ ಇದ್ದಿರಬೇಕು ಎಂದು ನಾನು ಆಮೇಲೆ ಕೂತು ಬಣ್ಣ ಹಚ್ಚಿಕೊಂಡಿರಬಹುದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವುದರಲ್ಲಿ ಇಂಥ ಅನುಮಾನದ ಜಾಗಗಳು ಬಹಳ ಇವೆ. ಅವುಗಳಲ್ಲಿ ಒಂದು ಬಳೆಗಿಂತ ದೊಡ್ಡದು.

ಇವತ್ತು ಬೆಳಿಗ್ಗೆ ಅತ್ತಿ ಫೋನ್ ಮಾಡಿದ್ದಳು. ಅತ್ತಿ ಎಂದರೆ ನನ್ನ ತಂದೆಯ ತಂಗಿ, ಸುಶೀಲಾ. ಅರವತ್ತೆಂಟು ವರ್ಷ, ಮದುವೆಯಾಗಿಲ್ಲ, ನಾಶಿಕದಲ್ಲಿ ಹೆರಿಗೆ ವಾರ್ಡಿನ ನರ್ಸಾಗಿದ್ದು ನಿವೃತ್ತಳಾದವಳು. ಹಲೋ ಎನ್ನುವ ಅಭ್ಯಾಸ ಅವಳಿಗಿಲ್ಲ.

"ಐದೂವರಿ ವರ್ಷದ ಕೂಸಿನ ತೋಳು ಎಷ್ಟು ಉದ್ದ ಇರತೈತೋ?"

ಅಳತೆಯ ಪ್ರಶ್ನೆಗಳು ನನಗೇ ಬರುತ್ತವೆ. ನಾನು ನಾಶಿಕದ ಹತ್ತಿರದ ಓಝರಿನ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳ ಅಳತೆ ಪರೀಕ್ಷಿಸುವವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತುಂಡನ್ನು ತಿರಸ್ಕರಿಸಿ ಕೆಂಪು ಚೀಟಿ ಹಚ್ಚುತ್ತೇನೆ. ಅತ್ತಿ ಪ್ರತಿ ಕ್ರಿಸ್ಮಸ್ಸಿಗೆ ಮುಂಚೆ ಒಂದು ಸ್ವೆಟರ್ ಹೆಣೆಯುತ್ತಾಳೆ. ವರ್ಷಕ್ಕೆ ಒಂದೇ, ಒಂದೇ ಮಗುವಿಗೆ, ವರ್ಷ ಹೋದಂತೆ ಒಂದು ಅಳತೆ ದೊಡ್ಡದು. ಆರು ಸ್ವೆಟರುಗಳು ಟ್ರಂಕಿನಲ್ಲಿವೆ, ಇದು ಏಳನೆಯದು. ಆ ಮಗುವನ್ನು ಅವಳು ನೋಡಿಲ್ಲ. ನಾನೂ ನೋಡಿಲ್ಲ. ಅದು ಇದೆ ಎಂದು ಅವಳಿಗೆ ಹೇಳಿದವನು ಮಾತ್ರ ನಾನು.

"ಸಂಜಿಮುಂದ ಹೇಳ್ತೀನಿ" ಎಂದೆ.

"ಅಳಿಯೂದಕ್ಕ ಸಂಜಿ ಯಾಕ ಬೇಕು ನಿನಗ?" ಎಂದು ಫೋನಿಟ್ಟಳು.

ನಿಮಗೆ ಇದನ್ನು ಅಚ್ಚುಕಟ್ಟಾಗಿ ಹೇಳಲು ನನಗೆ ಬರುತ್ತದೆ. ಒಮ್ಮೆ ಹಾಗೆ ಹೇಳಿಯೂ ಇದ್ದೇನೆ, ಅಚ್ಚಿನಲ್ಲಿ. ಅದಕ್ಕೇ ಈ ಸಲ ಅಚ್ಚುಕಟ್ಟಿನ ಮೇಲೆ ಭರವಸೆ ಇಲ್ಲ.

ನಮ್ಮದು ಗದಗ ಕಡೆಯ ಕ್ರೈಸ್ತ ಕುಟುಂಬ. ಅಪ್ಪ ಓಝರಿನ ನೌಕರಿಗೆ ಬಂದವನು ಅಲ್ಲೇ ಉಳಿದ. ನಾಶಿಕದಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಸಭೆಯೊಂದಿದೆ. ನಲವತ್ತು ಮಂದಿ ಹಿರಿಯರಿದ್ದೇವೆ. ಮಕ್ಕಳು ಕನ್ನಡದಲ್ಲಿ ಹಾಡಿ ಮರಾಠಿಯಲ್ಲಿ ಜಗಳಾಡುತ್ತಾರೆ. ಆ ಸಭೆಗೆ ನಾನು ಪ್ರಚಾರ ಕಾರ್ಯದರ್ಶಿಯಾಗಿದ್ದೆ. ಪ್ರಚಾರ ಮಾಡುವಂಥದ್ದು ಸಭೆಯಲ್ಲಿ ಏನೂ ನಡೆಯುತ್ತಿರಲಿಲ್ಲವಾದ್ದರಿಂದ ಹುದ್ದೆ ಬಹಳ ಗೌರವದ್ದಾಗಿತ್ತು.

ಬಸಿರಿನಲ್ಲಿರುವುದು ಮುಂದೆ ಮಗುವಾಗಲಿರುವ ವಸ್ತುವಲ್ಲ, ಆಗಲೇ ಮಗು. ಅದನ್ನು ಕೊಟ್ಟವನು ದೇವರು, ತೆಗೆಯುವ ಹಕ್ಕು ನಮಗಿಲ್ಲ ಎಂದು ನಾನು ನಂಬುತ್ತೇನೆ. ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ನೀವು ಒಪ್ಪದಿರಬಹುದು. ಒಪ್ಪಿಸಲು ನಾನು ಕೂತಿಲ್ಲ. ಒಪ್ಪಿಸುವ ಉತ್ಸಾಹದಿಂದಲೇ ಇಷ್ಟೆಲ್ಲ ಆದದ್ದು. ಆ ವರ್ಷ ನಾನು ಟಿವಿಯವರ ಮೇಲೆ ಬಹಳ ಸಿಟ್ಟಾಗಿದ್ದೆ. ಗರ್ಭಪಾತದ ಮಾತು ಬಂದಾಗಲೆಲ್ಲ ಅವರು ಕಾನೂನು ಎನ್ನುತ್ತಾರೆ, ವಿವಾದ ಎನ್ನುತ್ತಾರೆ, ಮಗು ಎಂಬ ಶಬ್ದವನ್ನು ಮಾತ್ರ ಬಾಯಿಗೆ ತರುವುದಿಲ್ಲ ಎಂದು ಸಭೆಯಲ್ಲಿ ಭಾಷಣ ಮಾಡಿದ್ದೆ. ಒಂದು ಪೋಸ್ಟರನ್ನೂ ಮಾಡಿಸಿದ್ದೆ. ಅದರಲ್ಲಿ ಗುಲಾಬಿ ಕೆನ್ನೆಯ, ನೀಲಿ ಕಣ್ಣಿನ ಒಂದು ಕೂಸು ನಗುತ್ತಿತ್ತು.

ಆ ಪೋಸ್ಟರ್ ಅತ್ತಿಯ ಮನೆಯ ಗೋಡೆಯ ಮೇಲಿತ್ತು. ಅದನ್ನು ಗಮನವಿಟ್ಟು ನೋಡಿದ ಏಕೈಕ ವ್ಯಕ್ತಿ ರೇಣುಕಾ.

ರೇಣುಕಾ ಯಾದಗಿರಿ ಕಡೆಯವಳು. ಅತ್ತಿಯ ಮನೆಯ ಪಕ್ಕದಲ್ಲಿ ಆರು ಮಾಳಿಗೆಯ ಕಟ್ಟಡ ಏಳುತ್ತಿತ್ತು. ಅವಳ ಗಂಡ ಬಸಪ್ಪ ಅಲ್ಲಿ ಸೆಂಟ್ರಿಂಗ್ ಕೆಲಸ, ಅವಳು ಇಟ್ಟಂಗಿ ಹೊರುವ ಕೆಲಸ. ಕುಡಿಯುವ ನೀರಿಗೆ ಅತ್ತಿಯ ನಲ್ಲಿಗೆ ಬರುತ್ತಿದ್ದಳು. ಎರಡು ಹೆಣ್ಣುಮಕ್ಕಳು, ಚಿಕ್ಕದು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಪೋಸ್ಟರಿನ ಮುಂದೆ ಕೊಡ ಇಟ್ಟು ನಿಂತು ಕೇಳಿದಳು:

"ಇದ್ಯಾರ ಕೂಸರೀ ಅಮ್ಮಾರ?"

"ಯಾರದೂ ಅಲ್ಲ. ಎಲ್ಲಾರದೂ" ಎಂದಳು ಅತ್ತಿ.

"ಇಷ್ಟು ಬೆಳ್ಳಗಿಂದು ನನಗ ಹುಟ್ಟಿದ್ರ ನನ್ನ ಗಂಡ ಮನಿ ಬಿಟ್ಟು ಓಡಸ್ತಾನ್ರಿ" ಎಂದು ನಕ್ಕು, ಅದೇ ನಗುವಿನಲ್ಲಿ, ತನಗೆ ಮೂರು ತಿಂಗಳಾಗಿದೆಯೆಂದೂ ತೆಗೆಸಬೇಕೆಂದೂ ಯಾವ ದವಾಖಾನೆ ಚಲೋ ಎಂದೂ ಕೇಳಿದಳಂತೆ.

ಅವಳ ಕಾರಣ ಸರಳವಾಗಿತ್ತು. ಮುಕಾದಮ, ಎಂದರೆ ಕೂಲಿಯವರನ್ನು ತಂದು ಕೆಲಸಕ್ಕೆ ಹಚ್ಚುವವನು, ಹೊಟ್ಟೆ ಕಂಡ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಗಂಡಹೆಂಡತಿ ಜೋಡಿಯಾಗಿದ್ದರೆ ಮಾತ್ರ ಅವನ ಗುಂಪಿನಲ್ಲಿ ಜಾಗ. ಒಬ್ಬರು ಹೊರಗೆ ಬಿದ್ದರೆ ಇಬ್ಬರೂ ಹೊರಗೆ, ತಗಡಿನ ಶೆಡ್ಡೂ ಹೋಯಿತು. ಕಾನೂನು ಅವಳಿಗೆ ಅಡ್ಡ ಬರುತ್ತಿರಲಿಲ್ಲ. ಅಡ್ಡ ಬಂದದ್ದು ಅತ್ತಿ.

ನೌಕರಿಯುದ್ದಕ್ಕೂ ಅತ್ತಿ ಅಂಥ ಒಂದು ಕೆಲಸಕ್ಕೂ ಕೈಹಚ್ಚಿದವಳಲ್ಲ. ಡಾಕ್ಟರರಿಗೆ "ನೀವು ಮಾಡ್ರಿ, ನಾ ಹೊರಗ ನಿಂತಿರ್ತೀನಿ" ಎಂದು ಹೇಳಿ ವರಾಂಡದಲ್ಲಿ ನಿಂತು ಪ್ರಾರ್ಥನೆ ಮಾಡುತ್ತಿದ್ದಳಂತೆ. ರೇಣುಕಾಳಿಗೆ ಅವಳು ಉಪದೇಶ ಮಾಡಲಿಲ್ಲ. ಒಂದು ಉಪಾಯ ಹೂಡಿದಳು. ಅದು ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವಂಥದ್ದು: ಕಳ್ಳ ಕುಬಸ.

ಕುಬಸ ಎಂದರೆ ರವಿಕೆ ಎಂದು ನಿಮಗೆ ಗೊತ್ತಿದೆ. ಬಸುರಿಗೆ ಏಳನೇ ತಿಂಗಳಲ್ಲಿ ಹಸಿರು ಸೀರೆ, ಕುಬಸ, ಬಳೆ ಕೊಟ್ಟು ಊರಿಗೆಲ್ಲ ಊಟ ಹಾಕುವುದು ದೊಡ್ಡ ಕುಬಸ. ಅದಕ್ಕೂ ಮುಂಚೆ, ಸುದ್ದಿ ಇನ್ನೂ ಹೊರಬೀಳದ ತಿಂಗಳಲ್ಲಿ, ಬಾಗಿಲು ಮುಚ್ಚಿಕೊಂಡು, ನಾಲ್ಕೈದು ಹೆಂಗಸರಷ್ಟೇ ಸೇರಿ ಮಾಡುವುದು ಕಳ್ಳ ಕುಬಸ. ಅದರ ಜೀವವೇ ಗುಟ್ಟಿನಲ್ಲಿದೆ. ನಮ್ಮ ಹಿರಿಯರು ಕ್ರೈಸ್ತರಾದಾಗ ಎಷ್ಟೋ ಬಿಟ್ಟರು, ಇದನ್ನು ಬಿಡಲಿಲ್ಲ. ಆರತಿಯ ಜಾಗಕ್ಕೆ ಕೀರ್ತನೆ ಬಂತು, ಹೋಳಿಗೆ ಹಾಗೇ ಉಳಿಯಿತು.

"ಒಮ್ಮೆ ಕುಬಸ ಆತಂದ್ರ ಮುಗೀತು" ಎಂದಳು ಅತ್ತಿ. "ಬಳಿ ಇಟಗೊಂಡು, ಹೋಳಿಗಿ ಉಂಡು, ಆಮ್ಯಾಲ ಯಾವಾಕಿ ಹೋಗಿ ತೆಗಸ್ತಾಳ? ನಾಚಿಗೀ ಆಗತೈತಿ."

ಇದು ಧರ್ಮವೋ ಬಲೆಯೋ ಎಂದು ನಾನು ಆಗ ಕೇಳಲಿಲ್ಲ. ರೇಣುಕಾಳಿಗೂ ಬಲೆ ಕಾಣಿಸಿತ್ತೆಂದು ಈಗ ಅನಿಸುತ್ತದೆ. ಆದರೆ ಅವಳು ಅಂದದ್ದು ಇಷ್ಟೇ: "ಎರಡು ಹಡದೀನ್ರಿ ಅಮ್ಮಾರ. ನನಗ ಯಾರೂ ಕುಬಸ ಮಾಡಿಲ್ಲ." ಬರುತ್ತೇನೆಂದಳು. ಅದು ಒಪ್ಪಿಗೆಯೋ, ಒಂದು ದಿನದ ಆಸೆಯೋ?

ನನ್ನ ಪಾತ್ರ ಶುರುವಾಗುವುದು ಇಲ್ಲಿ. ಪ್ರಚಾರ ಕಾರ್ಯದರ್ಶಿಗೆ ಕೊನೆಗೂ ಪ್ರಚಾರಕ್ಕೊಂದು ವಿಷಯ ಸಿಕ್ಕಿತ್ತು. 'ಗರ್ಭಪಾತದ ವಿರುದ್ಧ ಕನ್ನಡಿಗರ ವಿನೂತನ ಕಾರ್ಯಕ್ರಮ' ಎಂದು ಮರಾಠಿಯಲ್ಲಿ ಪ್ರಕಟಣೆ ಬರೆದು, ವಿಳಾಸ, ವೇಳೆ ಹಾಕಿ, ಸಿಕ್ಕ ಚಾನೆಲ್ಲುಗಳಿಗೆಲ್ಲ ಕಳಿಸಿದೆ. ಕಳ್ಳ ಕುಬಸಕ್ಕೆ ಪತ್ರಿಕಾ ಪ್ರಕಟಣೆ ಕೊಟ್ಟ ಮೊದಲ ಮನುಷ್ಯ ನಾನೇ ಇರಬೇಕು. ಇದರಲ್ಲಿ ತಪ್ಪೇನಿದೆ ಎಂದು ನನಗೆ ಹೊಳೆಯದಿದ್ದದ್ದು ಹೇಗೆ? ಸಮರ್ಥನೆಗೆ ಹೇಳಬಹುದಾದದ್ದು ಒಂದೇ: ಆವತ್ತಿನವರೆಗೆ ಅವಳನ್ನು ನಾನು ಒಂದು ಉದಾಹರಣೆ ಎಂದೇ ಯೋಚಿಸುತ್ತಿದ್ದೆ.

ನವೆಂಬರಿನ ಒಂದು ಶನಿವಾರ, ಮಧ್ಯಾಹ್ನ. ಶುಕ್ರವಾರವೂ ಇರಬಹುದು. ಸಭೆಯ ನಾಲ್ವರು ಹೆಂಗಸರು ಬಂದಿದ್ದರು. ಕುರ್ಚಿಗೆ ಚಾದರ ಹೊದಿಸಿ, ತಾಟಿನಲ್ಲಿ ಬಳೆ, ಕುಬಸ, ಒಣಕೊಬ್ಬರಿ ಇಟ್ಟಿದ್ದರು. ರೇಣುಕಾ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಳು. ಇನ್ನೇನು ಕುರ್ಚಿಯಲ್ಲಿ ಕೂಡಬೇಕು, ಬಾಗಿಲು ಬಡಿದರು. ನಾನೇ ತೆಗೆದೆ, ಬಹಳ ಹೆಮ್ಮೆಯಿಂದ. ಜಾಧವ ಎಂಬ ವರದಿಗಾರ, ಅವನ ಹಿಂದೆ ಕ್ಯಾಮೆರಾ ಹೊತ್ತ ಇನ್ನೊಬ್ಬ.

ರೇಣುಕಾ ಸೆರಗನ್ನು ಮುಖಕ್ಕೆ ಎಳೆದುಕೊಂಡು ಅಡುಗೆಮನೆಗೆ ಓಡಿದಳು. "ಮುಕಾದಮ ನೋಡ್ತಾನ್ರೀ!" ಎಂಬ ಪಿಸುಮಾತು ಕೇಳಿಸಿತು. ಅವಳು ಆಗಲೇ ಹೇಳಿದಳೋ, ನಾನು ಆಮೇಲೆ ಕೇಳಿಸಿಕೊಂಡೆನೋ, ಖಾತ್ರಿಯಿಲ್ಲ. ಕುರ್ಚಿ ಖಾಲಿ. ಕ್ಯಾಮೆರಾ ಆಗಲೇ ಒಳಗೆ ಬಂದಿತ್ತು. ಜಾಧವ ಅಡುಗೆಮನೆಯ ಕಡೆ ಕತ್ತು ಚಾಚಿ, "ಕಾರ್ಯಕ್ರಮ ಯಾರದು?" ಎಂದು ಮರಾಠಿಯಲ್ಲಿ ಕೇಳಿದ.

ಅತ್ತಿ ಹೋಗಿ ಕುರ್ಚಿಯಲ್ಲಿ ಕೂತಳು.

"ಮಾಝಾ" ಎಂದಳು. ನನ್ನದು.

ಸುಳ್ಳು ಹೇಳಿದವರ ಮನೆಯಲ್ಲಿ ಚಹಾ ಕುಡಿಯದ ಹೆಂಗಸು ಅವಳು. ಜಾಧವ ಅವಳ ಬಿಳಿ ಕೂದಲನ್ನೂ ಬಳೆಯ ತಾಟನ್ನೂ ನೋಡಿದ. "ಆಜಿ, ಎಷ್ಟು ತಿಂಗಳು?"

"ಮೂರು."

"ವಯಸ್ಸು?"

"ಅರವತ್ತೆರಡು" ಎಂದಳು. ಒಂದು ಸುಳ್ಳು ಸಾಕು, ವಯಸ್ಸಿನಲ್ಲೂ ಯಾಕೆ ಹೇಳಬೇಕು ಎಂದುಕೊಂಡಳೋ ಏನೋ.

ನಾಲ್ವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಕೈಯಲ್ಲಿ ಬಳೆ ಇದ್ದ ಅಭ್ಯಾಸಕ್ಕೆ, ಅತ್ತಿಗೆ ಬಳೆ ಇಟ್ಟರು. ಕೀರ್ತನೆ ಹಾಡಿದರು. ನಾನು ಏನು ಮಾಡಿದೆ ಎಂದು ನೀವು ಕೇಳಬಹುದು. ವಿಡಿಯೋದ ಮೂಲೆಯಲ್ಲಿ ನಾನಿದ್ದೇನೆ, ಚಪ್ಪಾಳೆ ತಟ್ಟುತ್ತಿದ್ದೇನೆ.

ಸಂಜೆ ಆರಕ್ಕೆ ಟಿವಿಯಲ್ಲಿ ಬಂತು. 'ಅರವತ್ತೆರಡರ ಅವಿವಾಹಿತ ಅಜ್ಜಿ ಗರ್ಭಿಣಿ'. ಅವಿವಾಹಿತ ಎಂಬುದನ್ನು ನೆರೆಮನೆಯವರು ಕೊಟ್ಟಿದ್ದರು. ಏಳಕ್ಕೆ ಅದರ ಮೇಲೆ ಚರ್ಚೆ, ಪರದೆಯಲ್ಲಿ ನಾಲ್ಕು ಚೌಕಗಳು. ಒಂದರಲ್ಲಿ ಡಾಕ್ಟರು: ಈ ವಯಸ್ಸಿನಲ್ಲಿ ಜೀವಕ್ಕೆ ಅಪಾಯ, ತಕ್ಷಣ ತೆಗೆಸಬೇಕು. ಇನ್ನೊಂದರಲ್ಲಿ ಮಹಿಳಾ ಹಕ್ಕುಗಳ ಹೋರಾಟಗಾರ್ತಿ: ಇಟ್ಟುಕೊಳ್ಳುವುದೋ ತೆಗೆಸುವುದೋ ಅಜ್ಜಿಯ ಇಚ್ಛೆ, ನಡುವೆ ಬರಲು ಚರ್ಚು ಯಾರು? ಮೂರನೆಯದರಲ್ಲಿ ನಿರೂಪಕ, ಎಲ್ಲರಿಗಿಂತ ಜೋರಾಗಿ. ನಾಲ್ಕನೆಯದರಲ್ಲಿ ಮುಖವಿಲ್ಲ, ಒಂದು ಫೋನಿನ ಚಿತ್ರ ಮತ್ತು ನಮ್ಮ ಪಾಸ್ಟರರ ದನಿ. ಪಾಪ, ಅವರು ಒಂದು ಮದುವೆಗೆಂದು ಸಂಭಾಜಿನಗರಕ್ಕೆ ಹೋಗಿದ್ದರು. ಊಟದ ಪಂಕ್ತಿಯಲ್ಲಿದ್ದಾಗ ಯಾರೋ ಫೋನು ಹಚ್ಚಿ, ನಿಮ್ಮ ಸಭೆಯ ಗರ್ಭಿಣಿಯ ಬಗ್ಗೆ ನಿಲುವೇನು ಎಂದು ಕೇಳಿದ್ದರು. ಯಾರು, ಏನು ಎಂದು ತಿಳಿಯದೆಯೇ ಅವರು ದೃಢವಾಗಿ, "ಪ್ರತಿಯೊಂದು ಕೂಸೂ ದೇವರ ವರ. ಆಕೆ ಹೆರಲೇಬೇಕು" ಎಂದುಬಿಟ್ಟರು.

ನನ್ನ ಸಿಟ್ಟೆಲ್ಲ ಇಳಿದದ್ದು ಆ ಗಳಿಗೆಯಲ್ಲಿ. ಡಾಕ್ಟರು, ಹೋರಾಟಗಾರ್ತಿ, ಪಾಸ್ಟರು ಮೂವರೂ ಪ್ರಾಮಾಣಿಕರು. ಮೂವರೂ ಒಂದು ಖಾಲಿ ಹೊಟ್ಟೆಯ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದರು. ಒಳಗೆ ಯಾರಾದರೂ ಇದ್ದಾರೆಯೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಪಾಸ್ಟರರ ಮಾತಿನಿಂದ ಮೊದಲ ಬಾರಿಗೆ ಟಿವಿಯಲ್ಲಿ ಕೂಸು ಎಂಬ ಶಬ್ದ ಬಂದಿತ್ತು, ನಾನು ಬಯಸಿದ ಹಾಗೆಯೇ, ಇಲ್ಲದ ಕೂಸಿನ ಬಗ್ಗೆ.

ಸಭೆಯಲ್ಲಿ ಆ ಭಾನುವಾರ ಎರಡು ಪಂಗಡ. ಒಂದು ಪಂಗಡ ಅತ್ತಿಯ ಜೊತೆ ಮಾತು ಬಿಟ್ಟಿತು. ಇನ್ನೊಂದು, ಮುಪ್ಪಿನಲ್ಲಿ ಹೆತ್ತ ಪುಣ್ಯವತಿಯರ ಕಥೆಯನ್ನು ಬಾಲ್ಯದಿಂದ ಕೇಳಿದ್ದ ಪಂಗಡ, ಅವಳ ಕೈಯನ್ನು ಹಣೆಗೆ ಒತ್ತಿಕೊಂಡಿತು. ಯಾವುದು ಹೆಚ್ಚು ಕಿರಿಕಿರಿ ಎಂದು ಅತ್ತಿಗೆ ಕೊನೆಗೂ ತೀರ್ಮಾನಿಸಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಅತ್ತಿಯ ಮನೆಯಲ್ಲಿ ಕೂತು ಚಾನೆಲ್ಲಿಗೆ ಸ್ಪಷ್ಟೀಕರಣ ಬರೆಯುತ್ತಿದ್ದೆ. ರೇಣುಕಾ ನೀರಿಗೆ ಬಂದಳು. ಶೆಡ್ಡಿನಲ್ಲಿ ಎಲ್ಲರೂ ಮೊಬೈಲಿನಲ್ಲಿ ನೋಡಿದ್ದರಂತೆ. "ಅಮ್ಮಾರ, ನಿಮಗ ಹುಳಿ ತಿನ್ನಂಗ ಆಗತೈತೇನ್ರಿ?" ಎಂದು ಕೇಳಿ, ಕೊಡ ಕೆಳಗಿಟ್ಟು, ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತಿಯೂ ನಕ್ಕಳು. ತಾಟಿನಲ್ಲೇ ಉಳಿದಿದ್ದ ಕುಬಸವನ್ನು ಅವಳ ಉಡಿಗೆ ಹಾಕಿದಳು. ಕಳ್ಳ ಕುಬಸ ನಡೆದದ್ದೇ ಆದರೆ ಆಗ ನಡೆಯಿತು.

ನಗು ನಿಂತ ಮೇಲೆ ರೇಣುಕಾ ನನ್ನ ಕಡೆ ತಿರುಗಿದಳು. "ಸರ, ಇಷ್ಟ ಮಂದಿ ಅಮ್ಮಾರ ಸಲುವಾಗಿ ಮಾತಾಡಿದ್ರಿ. ನನ್ನ ಸಲುವಾಗಿ ಯಾರರ ಒಬ್ರು ಮುಕಾದಮನ ಜೋಡಿ ಮಾತಾಡ್ತೀರೇನ್ರಿ? ಹಗರ ಕೆಲಸ ಕೊಡು, ಶೆಡ್ಡಿನ್ಯಾಗ ಇರಾಕ ಬಿಡು ಅಂತ. ನೀವು ಪ್ಯಾಂಟ್ ಹಾಕ್ಕೊಂಡವರು ಹೇಳಿದ್ರ ಕೇಳ್ತಾನ. ಕೇಳಿದ್ನಂದ್ರ ನಾ ಇಟಗೋತೀನಿ."

ಇಷ್ಟು ಮಾತ್ರ ನನಗೆ ಶಬ್ದಶಃ ನೆನಪಿದೆ. ಬಳೆಯ ಬಣ್ಣದಂತೆ ಇದರಲ್ಲಿ ಸಂಶಯವಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

"ನಾಳೆ ಮಾತಾಡ್ತೀನಿ" ಎಂದೆ. ಸ್ಪಷ್ಟೀಕರಣದ ಮೂರನೇ ಪ್ಯಾರಾದಲ್ಲಿದ್ದೆ. ಅದರಲ್ಲಿ ಜೀವದ ಪಾವಿತ್ರ್ಯದ ಬಗ್ಗೆ ಚೆನ್ನಾದ ಒಂದು ವಾಕ್ಯ ಬರುವುದರಲ್ಲಿತ್ತು.

ಮುಕಾದಮ ಇದ್ದದ್ದು ಅತ್ತಿಯ ಅಂಗಳದಿಂದ ಐವತ್ತು ಹೆಜ್ಜೆ ದೂರದಲ್ಲಿ. ಮಂಗಳವಾರ ಕಾರ್ಖಾನೆಯಲ್ಲಿ ತಡವಾಯಿತು. ಬುಧವಾರ ಹೋದಾಗ ಶೆಡ್ಡು ಖಾಲಿ. ಗುಂಪನ್ನು ಸಂಭಾಜಿನಗರದ ಹತ್ತಿರ, ಗಂಗಾಪುರದ ಬದಿಯ ಕೆಲಸಕ್ಕೆ ಸಾಗಿಸಿದ್ದರು. ಸ್ಪಷ್ಟೀಕರಣವನ್ನು ಚಾನೆಲ್ಲು ಹಾಕಲಿಲ್ಲ.

ಎರಡು ವಾರ ಅತ್ತಿ ನನ್ನನ್ನು ಕಾಡಿದಳು. ಕೊನೆಗೆ ಒಂದು ದಿನ ರಜೆ ಹಾಕಿ ಇಬ್ಬರೂ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬ ಹುಡುಗಿ ಮೊಬೈಲು ನೋಡಿದಳು, ಅತ್ತಿಯನ್ನು ನೋಡಿದಳು, ದಡಕ್ಕನೆ ಎದ್ದು "ಆಜಿ, ಬಸಾ" ಎಂದಳು. ಇಡೀ ಬಸ್ಸು ತಿರುಗಿತು. ಕಂಡಕ್ಟರು ಡ್ರೈವರಿಗೆ ಸಾವಕಾಶ ಹೋಗಲು ಹೇಳಿದ. ಅತ್ತಿ ಬೇಡವೆನ್ನಲಿಲ್ಲ, ಗಂಭೀರವಾಗಿ ಕೂತಳು. "ಮೊಳಕಾಲು ನೋಯತಾವು" ಎಂದು ನನಗೆ ಕನ್ನಡದಲ್ಲಿ ಹೇಳಿದಳು. "ದೇವರು ಯಾವ ದಾರಿಲೆ ಕೊಟ್ಟರೂ ಸೀಟು ಸೀಟ."

ಸಂಭಾಜಿನಗರದಲ್ಲಿ ಇಳಿಯುವ ಹೊತ್ತಿಗೆ ಮೊಳಕಾಲು ನಿಜವಾಗಿಯೇ ಊದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅವಳನ್ನು ಕೂರಿಸಿದೆ. ಗಲ್ಲಾದಲ್ಲಿದ್ದ ಯಜಮಾನರು ಎದ್ದು ಬಂದು, "ಟಿವಿಯಲ್ಲಿ ನೋಡಿದ್ದೇನೆ ಅಮ್ಮ. ನಿಮಗೆ ಖಾರ ಬೇಡ, ಮೊಸರನ್ನ ಕಳಿಸ್ತೇನೆ" ಎಂದು, ನನ್ನ ಕಡೆ ತಿರುಗಿ, "ಇಂಥ ಸ್ಥಿತಿಯಲ್ಲಿ ಇವರನ್ನು ಬಸ್ಸಲ್ಲಿ ತರುವುದಾ ಮಾರಾಯ್ರೆ?" ಎಂದು ಗದರಿದರು. ಇಡೀ ಪ್ರಸಂಗದಲ್ಲಿ ಹೊಟ್ಟೆಯಲ್ಲಿರುವ ಮಗುವಿಗಾಗಿ ಯಾರಾದರೂ ಏನಾದರೂ ಮಾಡಿದ್ದರೆ ಅವರು ಮತ್ತು ಬಸ್ಸಿನ ಹುಡುಗಿ. ಅವರಿಗೆ ಮಗು ತಪ್ಪು ಹೊಟ್ಟೆಯಲ್ಲಿ ಸಿಕ್ಕಿತ್ತು, ಅಷ್ಟೇ.

ಗಂಗಾಪುರದ ಬದಿಯ ಸೈಟಿಗೆ ನಾನೊಬ್ಬನೇ ಹೋದೆ. ದೊಡ್ಡ ಗೋದಾಮು ಏಳುತ್ತಿತ್ತು. ರೇಣುಕಾಳ ಗುಂಪನ್ನು ಮೂರು ದಿನದ ಹಿಂದೆ ಕನ್ನಡ ಎಂಬ ಊರಿನ ಕಡೆಗೆ ಒಯ್ದಿದ್ದರು. ಅವಳ ಊರಿನ ಕಡೆಯ ಇಬ್ಬರು ಹೆಂಗಸರು ಉಸುಕು ಸೋಸುತ್ತಿದ್ದರು. ರೇಣುಕಾಳ ಹೊಟ್ಟೆಯ ಕೂಸು ಇನ್ನೂ ಇದೆಯೇ ಎಂದು ಕೇಳಿದೆ.

"ಐತ್ರೀ" ಎಂದಳು ಒಬ್ಬಳು. "ವಾಂತಿ ಮಾಡಿಕೋತನ ಇಟ್ಟಂಗಿ ಹೊರತಿದ್ಲಲ್ಲ."

"ಯಾವಾಗಿನ ಮಾತು ಹೇಳ್ತಿಯವಾ?" ಎಂದಳು ಇನ್ನೊಬ್ಬಳು. "ಗಂಡನ ಜೋಡಿ ದವಾಖಾನಿಗೆ ಹೋಗಿ ಬಂದು ಎರಡು ದಿನ ಮಕ್ಕೊಂಡಿದ್ಲಲ್ಲ."

"ಜ್ವರಾ ಬಂದಿದ್ವು ಆಕಿಗಿ."

"ಜ್ವರಾ! ಆತ್ ಬಿಡು, ಜ್ವರಾ ಅನ್ನು."

ಇಬ್ಬರೂ ಮತ್ತೆ ಉಸುಕು ಸೋಸಲು ತೊಡಗಿದರು. ಕನ್ನಡಕ್ಕೆ ಸರಕಾರಿ ಬಸ್ಸಿದೆ, ಮಧ್ಯಾಹ್ನ ಸಿಗುತ್ತದೆ ಎಂದರು. ಆ ಊರಿನ ಹೆಸರು ಹೊತ್ತ ಬಸ್ಸು ನನ್ನ ಮುಂದೆಯೇ ನಿಂತಿತು, ಹೋಯಿತು. ನನ್ನ ರಜೆ ಒಂದೇ ದಿನದ್ದಾಗಿತ್ತು. ಈ ಕಾರಣವನ್ನು ಎಷ್ಟು ಸಲ ಬರೆದರೂ ಅದು ಇಷ್ಟೇ ಉದ್ದ ಇರುತ್ತದೆ.

ಹೋಟೆಲಿನಲ್ಲಿ ಅತ್ತಿ ಬಾಗಿಲನ್ನೇ ನೋಡುತ್ತ ಕೂತಿದ್ದಳು. "ಏನಾತೋ?"

"ಐತಂತ" ಎಂದೆ. "ಚಲೋ ಅದಾಳಂತ."

ಅವಳು ಕಣ್ಣು ಮುಚ್ಚಿ ಸ್ತೋತ್ರ ಹೇಳಿದಳು. ಆ ಡಿಸೆಂಬರಿನಲ್ಲಿ ಮೊದಲ ಸ್ವೆಟರ್, ಅಂಗೈ ಅಗಲದ್ದು. ಜನವರಿಯಲ್ಲಿ ಸಭೆಯ ಮಾಸಪತ್ರಿಕೆಗೆ ನಾನು 'ಉಳಿದ ಒಂದು ಜೀವ' ಎಂದು ಬರೆದೆ. ಅದರಲ್ಲಿ ಪೀಠಿಕೆ, ಸಂಕಟ, ಬಿಡುಗಡೆ ಎಲ್ಲವೂ ಸರಿಯಾದ ಜಾಗದಲ್ಲಿದ್ದವು. ಬೇರೆ ಸಭೆಗಳಲ್ಲಿ ಅದನ್ನು ಸಾಕ್ಷಿಯೆಂದು ಓದಿದರು. ಅತ್ತಿಯನ್ನು ಗರ್ಭಿಣಿ ಮಾಡಿದ ಚಾನೆಲ್ಲಿನ ಮೇಲೆ ನಾನು ವರ್ಷಗಟ್ಟಲೆ ಹಲ್ಲು ಕಡಿದಿದ್ದೇನೆ. ಚಾನೆಲ್ಲಿನವರಿಗಾದರೂ ಅತ್ತಿಯೇ ಸುಳ್ಳು ಹೇಳಿದ್ದಳು. ನನಗೆ ಯಾರೂ ಹೇಳಿರಲಿಲ್ಲ. ಇಬ್ಬರು ಹೆಂಗಸರಲ್ಲಿ ನನಗೆ ಬೇಕಾದವಳನ್ನು ಆರಿಸಿಕೊಂಡೆ. ಕಾರ್ಖಾನೆಯಲ್ಲಿ ಅಂಥ ತುಂಡಿಗೆ ಕೆಂಪು ಚೀಟಿ ಹಚ್ಚುತ್ತೇನೆ.

ಈ ಪುಟಗಳನ್ನು ಇಲ್ಲಿಯವರೆಗೆ ಬರೆದು, ಸಂಜೆ ಅತ್ತಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆ ಕಡೆ ಹೆಣೆಯುವ ಸೂಜಿಗಳ ಸಪ್ಪಳ ನಿಂತಿತು.

"ಎರಡನೇದಾಕಿ ದವಾಖಾನಿ ಅಂದ್ಲು?"

"ಹೂಂ."

"ಮದಲನೇದಾಕಿ ಜ್ವರಾ ಅಂದ್ಲು?"

"ಹೂಂ."

"ಹಂಗಾದ್ರ ನಿನಗ ಗೊತ್ತಿಲ್ಲ."

"ಗೊತ್ತಿಲ್ಲ ಅತ್ತಿ."

"ನೋಡಿ ಬಾ ಅಂತ ಕಳಿಸಿದ್ರ ಬರದು ಬಂದೀ" ಎಂದಳು. ಆಮೇಲೆ ಸೂಜಿಗಳ ಸಪ್ಪಳ ಮತ್ತೆ ಶುರುವಾಯಿತು. "ತೋಳಿನ ಉದ್ದ ಹೇಳು."

"ಅತ್ತಿ, ಕೂಸು ಇಲ್ಲದಿದ್ರ?"

"ಇದ್ರ? ಥಂಡಿ ಶುರು ಆಗೇತಿ. ಅಳತಿ ಹೇಳು ನೀ."

ಕೆಳಗಿನ ಮನೆಯಲ್ಲಿ ಅಷ್ಟೇ ವಯಸ್ಸಿನ ಒಂದು ಹುಡುಗಿಯಿದೆ. ಟೇಪು ಹಿಡಿದು ಹೋದೆ. ಒಂದು ಕಡೆ ನಿಲ್ಲುವ ಮಗುವಲ್ಲ ಅದು. ಮೂರು ಸಲ ಅಳೆದೆ, ಮೂರು ಅಳತೆ ಬಂತು. ಮೂರನ್ನೂ ಅತ್ತಿಗೆ ಹೇಳಿದೆ, ಯಾವುದು ಸರಿಯೆಂದು ಹೇಳಲಿಲ್ಲ. ನಾಡಿದ್ದು ಭಾನುವಾರ ಕನ್ನಡದ ಬಸ್ಸು ಹತ್ತುತ್ತೇನೆ. ಆರು ವರ್ಷದ ನಂತರ ಅಲ್ಲಿ ಯಾರನ್ನು ಕೇಳಬೇಕೋ ಗೊತ್ತಿಲ್ಲ. ರೇಣುಕಾಳ ಮಗು ಹುಟ್ಟಿತೋ ಇಲ್ಲವೋ, ನನಗೆ ಗೊತ್ತಿಲ್ಲ.